ಮಿಷನ್ ದಾಖಲೆ, ಮಿಷನ್ ನಕ್ಷೆ: ಓದುವ ಬಗೆಗೊಂದು ವಿಮರ್ಶೆ

ಧರ್ಮಕೇಂದ್ರಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿಯೂ ಗುರುಮಠಗಳ ಕಿರುಪ್ರಬಂಧಗಳಲ್ಲಿಯೂ ಸ್ಥಳೀಯ ಕ್ರೈಸ್ತ ಚರಿತ್ರೆ ಇಂದು ಆಸಕ್ತಿಯ ವಿಷಯವಾಗಿದೆ. ಇದು ಸ್ವಾಗತಾರ್ಹ. ಉತ್ತರ ಕರ್ನಾಟಕದ ಕ್ರೈಸ್ತ ಸಮುದಾಯಗಳ ಬಗ್ಗೆ ಬರೆಯಹೊರಟವರು, ಯಾವ ಸಭೆಗೆ ಸೇರಿದವರಾದರೂ, ಬಾಸೆಲ್ ಮಿಷನ್ನಿನ ದಾಖಲೆಗಳ ಬಾಗಿಲನ್ನು ತಟ್ಟದೆ ಮುಂದೆ ಹೋಗುವಂತಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ದಾಖಲಾಗಾರದ ಚಿತ್ರಗಳು ಮತ್ತು ನಕ್ಷೆಗಳು ಈಗ ಗಣಕಯಂತ್ರದ ಪರದೆಯ ಮೇಲೆಯೇ ದೊರೆಯುತ್ತವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಅಮೂಲ್ಯವಾದ ಸಂಗ್ರಹವಿದೆ. ಹಿಂದೆ ಕೆಲವೇ ವಿದ್ವಾಂಸರಿಗೆ ಎಟುಕುತ್ತಿದ್ದುದು ಇಂದು ಎಲ್ಲರ ಕೈಗೂ ಬಂದಿದೆ.

ಆದರೆ ದಾಖಲೆ ಕೈಗೆ ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಓದುವ ಕ್ರಮವೂ ಕೈವಶವಾಯಿತೆಂದಲ್ಲ. ಶುಭಸಂದೇಶಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ಆಕರ ವಿಮರ್ಶೆ, ರೂಪ ವಿಮರ್ಶೆ, ಸಂಪಾದನಾ ವಿಮರ್ಶೆ ಎಂಬ ಮೂರು ಸಾಧನಗಳನ್ನು ಬಳಸಲು ಕಲಿಯುತ್ತಾರೆ. ಅದೇ ವಿದ್ಯಾರ್ಥಿಗಳು ಮಿಷನರಿಯ ವರದಿಯನ್ನು ಕೈಗೆತ್ತಿಕೊಂಡಾಗ ಈ ಸಾಧನಗಳನ್ನೆಲ್ಲ ಕೆಳಗಿಟ್ಟು, ಬರೆದುದೆಲ್ಲವೂ ನಡೆದುದೇ ಎಂದು ನಂಬಿಬಿಡುತ್ತಾರೆ. ಇಲ್ಲವೆ ಇನ್ನೊಂದು ತುದಿಗೆ ಹಾರಿ, ಇದೆಲ್ಲ ವಸಾಹತುಶಾಹಿಯ ಬರಹವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಈ ಎರಡೂ ಓದುಗಳು ಸೋಮಾರಿತನದ ಓದುಗಳು ಎಂಬುದು ಈ ಲೇಖನದ ವಾದ. ಪವಿತ್ರ ಗ್ರಂಥದ ಓದಿನಲ್ಲಿ ನಾವು ಪಾಲಿಸುವ ಶಿಸ್ತನ್ನೇ ಮಿಷನ್ ದಾಖಲೆಗೂ ನಕ್ಷೆಗೂ ಅನ್ವಯಿಸಿದರೆ ಏನು ಕಾಣುತ್ತದೆ ಎಂಬುದನ್ನು ಹುಬ್ಬಳ್ಳಿ, ಧಾರವಾಡ, ಗದಗು ಪ್ರದೇಶದ ಉದಾಹರಣೆಗಳಿಂದ ಪರಿಶೀಲಿಸೋಣ.

1. ದಾಖಲೆ ಹುಟ್ಟಿದ ಬಗೆ

ಬಾಸೆಲ್ ಮಿಷನ್ 1815ರಲ್ಲಿ ಸ್ಥಾಪನೆಯಾಯಿತು. ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥ ಅದರ ತಾಯಿಬೇರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನ್‌ಗಳಿಗೂ ಭಾರತದ ಬಾಗಿಲನ್ನು ತೆರೆದ ಮೇಲೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲಸಮುದ್ರ ಮಿಷನ್ ಠಾಣೆಗಳಾದವು. ಪ್ರತಿ ಠಾಣೆಯ ಮಿಷನರಿಯೂ ಬಾಸೆಲ್ಲಿನ ಆಡಳಿತ ಸಮಿತಿಗೆ ನಿಯತವಾಗಿ ವರದಿ ಬರೆಯಬೇಕಾಗಿತ್ತು. ಜೋಸೆಫ್ ಯೋಸೆನ್ಹನ್ಸ್ ಎಂಬ ಮುಖ್ಯಾಧಿಕಾರಿ 1851–52ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ ಆಡಳಿತದ ಹಿಡಿತ ಇನ್ನಷ್ಟು ಬಿಗಿಯಾಯಿತು. ಇಂದು ನಮಗೆ ಸಿಗುವ ಕೈಬರಹದ ರಾಶಿ ಈ ವರದಿ ವ್ಯವಸ್ಥೆಯ ಫಲ.

ಇಲ್ಲಿ ರೂಪ ವಿಮರ್ಶೆಯ ಮೊದಲ ಪ್ರಶ್ನೆ ಎದುರಾಗುತ್ತದೆ: ಈ ಬರಹದ ಜೀವನಸನ್ನಿವೇಶ ಯಾವುದು? ಬರೆಯುವವನು ಅಧೀನ ಸೇವಕ. ಓದುವವರು ಅವನ ನೇಮಕ, ವರ್ಗಾವಣೆ, ವಿವಾಹದ ಅನುಮತಿ ಇವೆಲ್ಲವನ್ನೂ ನಿರ್ಧರಿಸುವ ಮೇಲಧಿಕಾರಿಗಳು. ಅವರಿಗೂ ಮೇಲೆ ಕಾಸು ಕಾಸು ಕೂಡಿಸಿ ಕಾಣಿಕೆ ಕೊಡುವ ಹಳ್ಳಿಯ ವಿಶ್ವಾಸಿಗಳಿದ್ದರು. ಆದ್ದರಿಂದ ವರದಿಯಲ್ಲಿ ಎರಡು ಒತ್ತಡಗಳು ಸದಾ ಕೆಲಸ ಮಾಡುತ್ತವೆ. ಕಾರ್ಯ ಫಲಿಸುತ್ತಿದೆಯೆಂದು ತೋರಿಸಬೇಕು. ಕಾರ್ಯ ಇನ್ನೂ ಬಹಳ ಉಳಿದಿದೆಯೆಂದೂ ತೋರಿಸಬೇಕು. ಮೊದಲನೆಯದು ವಿಶ್ವಾಸವನ್ನು ಉಳಿಸಲು, ಎರಡನೆಯದು ಕಾಣಿಕೆಯನ್ನು ಉಳಿಸಲು. ಸುತ್ತಲಿನ ಜನರ ‘ಅಂಧಕಾರ’ದ ವರ್ಣನೆಯೂ ಒಬ್ಬಿಬ್ಬರ ಮನಪರಿವರ್ತನೆಯ ರೋಮಾಂಚಕ ಕಥೆಯೂ ಒಂದೇ ಪುಟದಲ್ಲಿ ಸಿಗುವುದಕ್ಕೆ ಇದೇ ಕಾರಣ. ಇದನ್ನು ಸುಳ್ಳೆನ್ನಬಾರದು. ಇದೊಂದು ಸಾಹಿತ್ಯ ಪ್ರಕಾರದ ಕಟ್ಟಳೆ.

ಎರಡನೆಯದು ಸಂಪಾದನಾ ವಿಮರ್ಶೆಯ ಪ್ರಶ್ನೆ. ಹುಬ್ಬಳ್ಳಿಯಿಂದ ಹೋದ ಪತ್ರ ಮೂಲರೂಪದಲ್ಲಿ ಒಂದು ಪಠ್ಯ. ಅದರ ಆಯ್ದ ಭಾಗಗಳು ಮಿಷನ್ನಿನ ವಾರ್ಷಿಕ ವರದಿಗೆ ಸೇರಿದಾಗ ಅದು ಎರಡನೆಯ ಪಠ್ಯ. 1816ರಿಂದ ನಡೆದ ‘ಮಿಷನ್ಸ್ ಮಾಗಾಜಿನ್’, 1828ರಿಂದ ನಡೆದ ‘ಹೈಡನ್‌ಬೋಟೆ’ ಎಂಬ ಜರ್ಮನ್ ಪತ್ರಿಕೆಗಳಲ್ಲಿ ಸಾಮಾನ್ಯ ಓದುಗರಿಗಾಗಿ ಅದನ್ನು ಹೊಂದಿಸಿ ಅಚ್ಚು ಹಾಕಿದಾಗ ಅದು ಮೂರನೆಯ ಪಠ್ಯ. ಭಾರತದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳೂ ಮಿಷನ್ನಿಗೆ ದಾನಿಗಳಾಗಿದ್ದುದರಿಂದ ಅವರಿಗಾಗಿ ಇಂಗ್ಲಿಷಿನಲ್ಲಿ ಪ್ರತ್ಯೇಕ ವರದಿಯೂ ಅಚ್ಚಾಗುತ್ತಿತ್ತು; ಅದು ನಾಲ್ಕನೆಯದು. ಜಮೀನಿನ ಕಂದಾಯದ ಕುರಿತೋ ಅಧಿಕಾರಿಗಳ ವರ್ತನೆಯ ಕುರಿತೋ ಮೊದಲನೆಯ ಪಠ್ಯದಲ್ಲಿರುವ ಒಂದು ಕಟುಮಾತು ನಾಲ್ಕನೆಯದರಲ್ಲಿಯೂ ಉಳಿದೀತೆಂದು ನಿರೀಕ್ಷಿಸಲಾಗದು. ಮತ್ತಾಯ, ಮಾರ್ಕ, ಲೂಕರನ್ನು ಸಾಲುಸಾಲಾಗಿ ಇಟ್ಟು ಹೋಲಿಸಿ ಓದುವ ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗೆ ಈ ಕೆಲಸ ಹೊಸದೇನಲ್ಲ. ಹಳೆಯ ಜರ್ಮನ್ ಕೈಬರಹ ಓದಲು ಕಷ್ಟವೆಂಬ ಕಾರಣಕ್ಕೆ ಅಚ್ಚಾದ ಇಂಗ್ಲಿಷ್ ವರದಿಯನ್ನೇ ಮೂಲವೆಂದು ಹಿಡಿಯುವುದು, ಗ್ರೀಕ್ ಕಷ್ಟವೆಂದು ಅನುವಾದದ ಮೇಲೆ ಭಾಷ್ಯ ಬರೆದಂತೆ.

ಈ ವಿಮರ್ಶೆ ಇತರ ಸಭೆಯವರ ಮೇಲೆ ಎಸೆಯುವ ಕಲ್ಲಲ್ಲ. ಹದಿನೇಳನೆಯ ಶತಮಾನದಲ್ಲಿ ಲಿಯೊನಾರ್ಡೊ ಚಿನ್ನಾಮಿಯವರಿಂದ ಆರಂಭವಾದ ಮೈಸೂರು ಮಿಷನ್ನಿನ ಯೇಸುಸಭೆಯ ಗುರುಗಳು ರೋಮಿಗೆ ಬರೆಯುತ್ತಿದ್ದ ವಾರ್ಷಿಕ ಪತ್ರಗಳೂ ಇದೇ ಪ್ರಕಾರಕ್ಕೆ ಸೇರಿದವು. ಓದುವವರ ಭಕ್ತಿಯನ್ನು ಪೋಷಿಸುವುದೇ ಆ ಪತ್ರಗಳ ಘೋಷಿತ ಉದ್ದೇಶವಾಗಿತ್ತು. ಮಿಷನ್ ವರದಿಗಳ ಮೂಲಮಾದರಿ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿಯೇ ಇದೆ. ಎಪ್ಪತ್ತೆರಡು ಮಂದಿ ಹಿಂದಿರುಗಿ ಬಂದು, ದೆವ್ವಗಳೂ ತಮಗೆ ಅಧೀನವಾದವೆಂದು ಸಂತೋಷದಿಂದ ವರದಿ ಒಪ್ಪಿಸುತ್ತಾರೆ. ಯೇಸುಸ್ವಾಮಿ ಆ ವರದಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂತೋಷದ ಕಾರಣವನ್ನು ಬೇರೊಂದು ಪಟ್ಟಿಯ ಕಡೆಗೆ, ಸ್ವರ್ಗದಲ್ಲಿ ಬರೆಯಲಾದ ಹೆಸರುಗಳ ಕಡೆಗೆ, ತಿರುಗಿಸುತ್ತಾರೆ. ವರದಿಯನ್ನು ತಿರಸ್ಕರಿಸದೆಯೇ ಅದರ ಮಿತಿಯನ್ನು ತೋರಿಸುವ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

2. ಮಲಸಮುದ್ರ: ಒಂದು ಪರೀಕ್ಷಾ ಪ್ರಕರಣ

ಹುಬ್ಬಳ್ಳಿ ಠಾಣೆಯ ಆರಂಭದ ವರ್ಷಗಳಲ್ಲಿ ನಡೆದ ಒಂದು ಪ್ರಸಂಗ ಮಿಷನ್ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಒಂದು ಪಂಥದ ಜನ ಮಿಷನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಹಳೆಯ ಗ್ರಂಥಗಳು ಮುನ್ನುಡಿದ ಗುರುಗಳು ಇವರೇ ಇರಬೇಕೆಂಬುದು ಅವರ ಮಾತಾಗಿತ್ತು. ಸಾವಿರಾರು ಜನ ಒಮ್ಮೆಗೇ ಸಭೆಗೆ ಸೇರುವರೆಂಬ ನಿರೀಕ್ಷೆ ಬಾಸೆಲ್ಲಿನವರೆಗೂ ಹಬ್ಬಿತು. ಗದಗಿನ ಬಳಿಯ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ನೆಲೆ ಸ್ಥಾಪನೆಯಾಯಿತು. ನಿರೀಕ್ಷಿಸಿದ ಸಾಮೂಹಿಕ ಪರಿವರ್ತನೆ ಮಾತ್ರ ಆಗಲಿಲ್ಲ. ಬಂದವರಿಗೆ ಲೌಕಿಕ ಲಾಭದ ಆಸೆಯಿತ್ತು, ಸತ್ಯದ ಹಸಿವಿರಲಿಲ್ಲ ಎಂಬ ತೀರ್ಪಿನೊಂದಿಗೆ ಮಿಷನ್ನಿನ ಕಥನ ಮುಗಿಯುತ್ತದೆ.

ನಮ್ಮ ಸ್ಮರಣ ಸಂಚಿಕೆಗಳು ಈ ತೀರ್ಪನ್ನು ಹಾಗೆಯೇ ಎತ್ತಿಕೊಳ್ಳುತ್ತವೆ. ಆದರೆ ತೀರ್ಪು ಯಾರದು ಎಂದು ಕೇಳಬೇಡವೆ? ಕಾಲಜ್ಞಾನ ಕನ್ನಡದ ಒಂದು ಜೀವಂತ ಪರಂಪರೆ. ಕೊಡೇಕಲ್ ಬಸವಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ನುಡಿಗಳಲ್ಲಿ ಬರಲಿರುವ ನ್ಯಾಯದ ಕಾಲವನ್ನು ಕುರಿತ ದರ್ಶನವಿದೆ. ಜಾತಿ, ಮತಗಳ ಗೋಡೆಗಳನ್ನು ದಾಟುವ ಹಂಬಲವಿದೆ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಕಂಪನಿಯ ಆಳ್ವಿಕೆ ಬಂದು ಇಪ್ಪತ್ತು ವರ್ಷವಷ್ಟೇ ಆಗಿತ್ತು. ಅಂಥ ಕಾಲದಲ್ಲಿ ಹೊಸ ಆಳರಸರ ಬಣ್ಣದವರೂ ಆದರೆ ಕಂದಾಯ ಕೇಳದವರೂ ಆದ ಕೆಲವರು ಬಂದು ಬರಲಿರುವ ರಾಜ್ಯದ ಮಾತನ್ನು ಕನ್ನಡದಲ್ಲಿ ಆಡಿದರೆ, ಕಾಲಜ್ಞಾನವನ್ನು ನಂಬಿದ ಒಕ್ಕಲಿಗನಿಗೆ ಅದು ಹೇಗೆ ಕೇಳಿಸಿರಬೇಡ? ಅವನಿಗೆ ಮಳೆ, ಬೆಳೆ, ನ್ಯಾಯ, ಮುಕ್ತಿ ಇವು ನಾಲ್ಕು ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಭಕ್ತಿಪಂಥದ ಮಿಷನರಿಗೆ ಆತ್ಮದ ಹಸಿವು ಬೇರೆ, ಹೊಟ್ಟೆಯ ಹಸಿವು ಬೇರೆ. ಹಾಗಾಗಿ ಅವನು ‘ಲೌಕಿಕ’ವೆಂದು ಬರೆದಿಟ್ಟ. ಪ್ರವಾದಿಗಳ ಗ್ರಂಥವನ್ನು ಓದಿದ ನಾವು, ಪ್ರತಿಯೊಬ್ಬನೂ ತನ್ನ ದ್ರಾಕ್ಷಾಲತೆಯ ನೆರಳಲ್ಲಿ ನಿರ್ಭಯವಾಗಿ ಕೂರುವ ದಿನವನ್ನು ದೇವರ ವಾಗ್ದಾನವೆಂದೇ ಕರೆಯುತ್ತೇವೆ. ಆ ಅಳತೆಯಿಂದ ನೋಡಿದರೆ ಮಲಸಮುದ್ರದಲ್ಲಿ ಸೋತದ್ದು ಎರಡು ಯುಗಾಂತ್ಯ ದರ್ಶನಗಳ ಸಂವಾದ. ಒಂದು ಕಡೆಯ ಕಪಟವೇ ಕಾರಣವೆಂದು ತೀರ್ಮಾನಿಸಲು ನಮ್ಮ ಮುಂದಿರುವುದು ಇನ್ನೊಂದು ಕಡೆಯ ಬರಹ ಮಾತ್ರ.

ಹೀಗೆ ಹೇಳುವುದಕ್ಕೂ ನಮಗೆ ಮಿಷನರಿಯ ಬರಹವೇ ಆಧಾರ ಎಂಬುದನ್ನು ಮರೆಯಬಾರದು. ಅವನು ಬರೆದಿಡದಿದ್ದರೆ ಆ ಜನ ಬಂದುದೇ ನಮಗೆ ತಿಳಿಯುತ್ತಿರಲಿಲ್ಲ. ತನ್ನ ತೀರ್ಪಿಗೆ ಎದುರಾದ ಸಾಕ್ಷ್ಯವನ್ನೂ ತನ್ನ ಪುಟದಲ್ಲಿಯೇ ಉಳಿಸಿಕೊಟ್ಟ ಪ್ರಾಮಾಣಿಕತೆಗೆ ಋಣಿಯಾಗಿರಬೇಕು. ದಾಖಲೆಯನ್ನು ಅದರ ಬರಹಗಾರನ ಇಚ್ಛೆಗೆ ಅಡ್ಡಲಾಗಿ ಓದಬಹುದೆಂಬುದಕ್ಕೆ ಇದು ಸಾಕ್ಷಿ.

3. ನಕ್ಷೆ ಏನನ್ನು ಬರೆಯುತ್ತದೆ

ಪತ್ರಕ್ಕಿಂತ ನಕ್ಷೆ ಹೆಚ್ಚು ನಿಷ್ಪಕ್ಷಪಾತವೆಂದು ನಾವು ಭಾವಿಸುತ್ತೇವೆ. ಪತ್ರಕ್ಕೆ ಒಬ್ಬ ಕರ್ತೃವಿರುತ್ತಾನೆ. ನಕ್ಷೆ ಮಾತ್ರ ಭೂಮಿಯೇ ತನ್ನನ್ನು ತಾನು ಬರೆದುಕೊಂಡಂತೆ ತೋರುತ್ತದೆ. ಈ ಭ್ರಮೆಯನ್ನು ಒಡೆಯಲು ಬಾಸೆಲ್ ಮಿಷನ್ನಿನ ಒಂದು ಹೆಸರು ಸಾಕು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿದ್ದ ಕ್ಷೇತ್ರವನ್ನು ಮಿಷನ್ ತನ್ನ ದಾಖಲೆಗಳಲ್ಲಿ ‘ದಕ್ಷಿಣ ಮರಾಠಾ’ ಎಂದು ಕರೆಯಿತು. ಪೇಶ್ವೆಗಳಿಂದ ಗೆದ್ದ ಸೀಮೆಗೆ ಕಂಪನಿ ಕೊಟ್ಟ ಆಡಳಿತದ ಹೆಸರು ಅದು. ಮಿಷನರಿ ಬೆಳಗಿನಿಂದ ಸಂಜೆಯವರೆಗೆ ಕನ್ನಡ ಕಲಿಯುತ್ತಾನೆ, ಕನ್ನಡದಲ್ಲಿ ಬೋಧಿಸುತ್ತಾನೆ, ಕನ್ನಡ ಶಾಲೆ ನಡೆಸುತ್ತಾನೆ. ರಾತ್ರಿ ಕುಳಿತು ‘ದಕ್ಷಿಣ ಮರಾಠಾ’ ಎಂದು ತಲೆಬರಹ ಹಾಕಿ ವರದಿ ಬರೆಯುತ್ತಾನೆ. ಕಿವಿ ಕೇಳಿದ್ದು ಒಂದು, ಕೈ ಬರೆದದ್ದು ಇನ್ನೊಂದು. ಜನ ಆಡುವ ಭಾಷೆಗಿಂತ ಗೆದ್ದವರು ಕೊಟ್ಟ ಹೆಸರು ನಕ್ಷೆಯಲ್ಲಿ ಬಲವಾಗಿ ನಿಂತಿತು. ಈ ಸೀಮೆ ಭಾಷೆಯ ಆಧಾರದ ಮೇಲೆ ಉಳಿದ ಕನ್ನಡ ನಾಡಿನೊಂದಿಗೆ ಒಂದಾದದ್ದು 1956ರಲ್ಲಿ.

ಮಿಷನ್ ನಕ್ಷೆಯ ಇನ್ನೊಂದು ಲಕ್ಷಣ ಅದರ ಖಾಲಿತನ. ಮುಖ್ಯ ಠಾಣೆ, ಉಪಠಾಣೆಗಳಿಗೆ ಗುರುತುಗಳಿರುತ್ತವೆ. ಅವುಗಳ ನಡುವಿನ ಜಾಗ ಬಿಳಿಯಾಗಿ ಉಳಿಯುತ್ತದೆ. ಹುಬ್ಬಳ್ಳಿಗೂ ಬೆಟಗೇರಿಗೂ ನಡುವಿನ ಎರೆಬಯಲನ್ನು ನೆನೆಯಿರಿ. ಶಿರಗುಪ್ಪಿಯಂಥ ಹೋಬಳಿಯ ಊರು ಅಲ್ಲಿದೆ. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿರುವ ಅಣ್ಣಿಗೇರಿ ಇದೆ. ಸಂತೆಗಳು, ಜಾತ್ರೆಗಳು, ಮಠಗಳು, ದರ್ಗಾಗಳು, ಕೆರೆಗಳು ಇವೆ. ಮಿಷನರಿ ಈ ದಾರಿಗಳಲ್ಲಿ ಎತ್ತಿನ ಬಂಡಿಯಲ್ಲಿಯೋ ಕುದುರೆಯ ಮೇಲೋ ಹಾದುಹೋದವನೇ. ಆದರೂ ಠಾಣೆಯಿಲ್ಲದ ಊರಿಗೆ ಅವನ ನಕ್ಷೆಯಲ್ಲಿ ಸ್ಥಾನ ದೊರೆಯುವುದು ಅಪರೂಪ. ಬಿಳಿಯ ಜಾಗ ‘ಇಲ್ಲಿ ಯಾರೂ ಇಲ್ಲ’ ಎಂದು ಹೇಳುವುದಿಲ್ಲ. ‘ಇಲ್ಲಿ ನಮ್ಮವರು ಇನ್ನೂ ಇಲ್ಲ’ ಎನ್ನುತ್ತದೆ. ಆದರೆ ದೂರದ ಊರಿನಲ್ಲಿ ಕಾಣಿಕೆಯ ಡಬ್ಬಿಯ ಪಕ್ಕದಲ್ಲಿ ಅದನ್ನು ನೋಡಿದ ಕಣ್ಣಿಗೆ ಈ ಎರಡರ ವ್ಯತ್ಯಾಸ ತಿಳಿಯುವ ಬಗೆಯೇನು?

ಅದೇ 1840ರ ದಶಕದಲ್ಲಿ ಇನ್ನೊಂದು ನಕ್ಷೆಯೂ ಸಿದ್ಧವಾಗುತ್ತಿತ್ತು. ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕಂದಾಯ ಮೋಜಣಿ ಈ ಸೀಮೆಯ ಹೊಲಹೊಲವನ್ನೂ ಅಳೆದು, ಮಣ್ಣಿನ ತರಗತಿ ನಿರ್ಧರಿಸಿ, ಸಂಖ್ಯೆ ಕೊಟ್ಟಿತು. ಇಂದು ನಮ್ಮ ರೈತರು ಕೈಯಲ್ಲಿ ಹಿಡಿದು ತಿರುಗುವ ಉತಾರದ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಈ ನಕ್ಷೆಯಲ್ಲಿ ಬಿಳಿಯ ಜಾಗವೇ ಇಲ್ಲ; ಪ್ರತಿ ತುಂಡು ನೆಲಕ್ಕೂ ಒಂದು ಲೆಕ್ಕವಿದೆ. ಆದರೆ ಉತ್ತವನ ದೇವರು ಯಾರು, ಅವನ ದುಃಖವೇನು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಮಿಷನ್ ನಕ್ಷೆ ಆತ್ಮಗಳನ್ನು ಹುಡುಕುತ್ತಾ ನೆಲವನ್ನು ಮರೆಯಿತು. ಕಂದಾಯ ನಕ್ಷೆ ನೆಲವನ್ನು ಅಳೆಯುತ್ತಾ ಮನುಷ್ಯನನ್ನು ಮರೆಯಿತು. ಎರಡನ್ನೂ ಒಂದರ ಮೇಲೊಂದಿಟ್ಟು ಓದುವವನಿಗಷ್ಟೇ ಊರು ಕಾಣಿಸೀತು.

ಪವಿತ್ರ ಗ್ರಂಥದಲ್ಲಿಯೂ ನಕ್ಷೆಯಿದೆ. ಯೆಹೋಶುವನ ಗ್ರಂಥದ 13ರಿಂದ 21ರವರೆಗಿನ ಅಧ್ಯಾಯಗಳು ಮಾತಿನಲ್ಲಿ ಬರೆದ ನಕ್ಷೆಗಳೇ. ಇಂಥ ಹಳ್ಳ, ಇಂಥ ಗುಡ್ಡ, ಇಂಥ ಊರು ಎಂದು ಕುಲಕುಲಕ್ಕೆ ಗಡಿ ಗುರುತಿಸಿ ನಾಡನ್ನು ಹಂಚಿ ಮುಗಿಸಿದಂತೆ ಅಲ್ಲಿ ಕಾಣುತ್ತದೆ. ಆದರೆ ನ್ಯಾಯಸ್ಥಾಪಕರ ಗ್ರಂಥದ ಮೊದಲ ಅಧ್ಯಾಯವನ್ನು ತೆರೆದರೆ ಬೇರೊಂದು ದಾಖಲೆ ಸಿಗುತ್ತದೆ. ಇಂಥ ಊರಿನವರನ್ನು ಹೊರಡಿಸಲಾಗಲಿಲ್ಲ, ಇಂಥವರು ಅಲ್ಲಿಯೇ ಉಳಿದರು ಎಂಬ ಪಟ್ಟಿ ಅದು. ಜೆರುಸಲೇಮಿನ ಯೆಬೂಸಿಯರನ್ನು ಹೊರಡಿಸಲಾಗದವರು ಯೂದ ಕುಲದವರೆಂದು ಒಂದು ಕಡೆ, ಬೆನ್ಯಮೀನರೆಂದು ಇನ್ನೊಂದು ಕಡೆ ಇದೆ. ಸಂಪಾದಕರು ಈ ಭಿನ್ನತೆಯನ್ನು ಅಳಿಸಲಿಲ್ಲ. ಗೆದ್ದವರ ನಕ್ಷೆಯ ಪಕ್ಕದಲ್ಲಿಯೇ ಉಳಿದವರ ಪಟ್ಟಿಯನ್ನೂ ದೇವರ ವಾಕ್ಯವೆಂದು ನಮ್ಮ ಕೈಗಿತ್ತರು.

ಈ ಎಳೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದನ್ನು ಗಮನಿಸಿ. ಸಮುವೇಲನ ಎರಡನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದಾವೀದನು ಜನಗಣತಿ ನಡೆಸುತ್ತಾನೆ. ಗಣತಿಯ ಫಲವಾಗಿ ಬಂದ ವ್ಯಾಧಿ ನಿಂತದ್ದು ಅರೌನನೆಂಬ ಯೆಬೂಸಿಯನ ಕಣದಲ್ಲಿ. ಹೊರಡಿಸಲಾಗದೆ ಉಳಿದ ಕುಲದವನ ನೆಲವದು. ಅರೌನನು ಬಿಟ್ಟಿಯಾಗಿ ಕೊಡಲು ಮುಂದಾದರೂ ದಾವೀದನು ಒಪ್ಪದೆ ಐವತ್ತು ಬೆಳ್ಳಿ ನಾಣ್ಯ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡು ಬಲಿಪೀಠ ಕಟ್ಟುತ್ತಾನೆ. ಪೂರ್ವಕಾಲವೃತ್ತಾಂತದ ಸಂಪ್ರದಾಯ ದೇವಾಲಯವನ್ನು ಆ ಕಣದ ಮೇಲೆಯೇ ನಿಲ್ಲಿಸುತ್ತದೆ. ಗಣತಿಯ ಅಹಂಕಾರಕ್ಕೆ ಪರಿಹಾರ ದೊರೆತದ್ದು ಅನ್ಯನ ಹಕ್ಕನ್ನು ಮನ್ನಿಸಿ ಬೆಲೆ ಕೊಟ್ಟ ಜಾಗದಲ್ಲಿ. ಅಂಕಿಸಂಖ್ಯೆಗಳನ್ನೂ ನಕ್ಷೆಗಳನ್ನೂ ಓದುವ ದೈವಶಾಸ್ತ್ರಕ್ಕೆ ಇದು ಅಡಿಗಲ್ಲಾಗಬಲ್ಲ ಕಥನ.

4. ಚೆರೋಕೀ ದಾಖಲೆಗಳಿಂದ ಒಂದು ಹೋಲಿಕೆ

ಧಾರವಾಡದಲ್ಲಿ ಠಾಣೆ ಆರಂಭವಾದ 1837ಕ್ಕೂ ಹುಬ್ಬಳ್ಳಿಯಲ್ಲಿ ಆರಂಭವಾದ 1839ಕ್ಕೂ ನಡುವೆ, ಭೂಗೋಳದ ಇನ್ನೊಂದು ಬದಿಯಲ್ಲಿ, ಅಮೆರಿಕದ ಆಗ್ನೇಯ ಭಾಗದ ಚೆರೋಕೀ ಜನರನ್ನು ಅವರ ನೆಲದಿಂದ ಬಲವಂತವಾಗಿ ಹೊರಡಿಸಲಾಯಿತು. ಸುಮಾರು 16,000 ಜನರನ್ನು 1838–39ರಲ್ಲಿ ಮಿಸಿಸಿಪ್ಪಿ ನದಿಯಾಚೆ ಸಾಗಿಸಲಾಯಿತು. ಅವರಲ್ಲಿ ಸುಮಾರು 4,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ‘ಕಣ್ಣೀರಿನ ಹಾದಿ’ ಎಂದೇ ಅದು ಪ್ರಸಿದ್ಧ. ನಮ್ಮಲ್ಲಿ ಅಂಥ ಉಚ್ಚಾಟನೆ ನಡೆಯಲಿಲ್ಲ. ಎರಡೂ ಒಂದೇ ಎನ್ನುವುದು ಚರಿತ್ರೆಗೆ ಅನ್ಯಾಯ. ಹೋಲಿಕೆ ಇರುವುದು ದಾಖಲೆಗಳ ಬಗೆಯಲ್ಲಿ.

ಚೆರೋಕೀ ಜನರ ನಡುವೆ 1801ರಿಂದ ಸ್ಪ್ರಿಂಗ್‌ಪ್ಲೇಸ್ ಎಂಬಲ್ಲಿ ಮೊರೇವಿಯನ್ ಸಭೆಯವರು ಮಿಷನ್ ನಡೆಸುತ್ತಿದ್ದರು. ಅವರೂ ಜರ್ಮನ್ ಭಕ್ತಿಪಂಥದವರು. ಅವರೂ ಹಳೆಯ ಜರ್ಮನ್ ಲಿಪಿಯಲ್ಲಿ ದಿನಚರಿ ಬರೆದು ಸೇಲಂ ಊರಿನ ಹಿರಿಯರಿಗೆ ಕಳುಹಿಸುತ್ತಿದ್ದರು. ಹುಬ್ಬಳ್ಳಿಯ ಪತ್ರಗಳನ್ನು ಓದಲು ಬೇಕಾದ ಸಾಧನಗಳೇ ಸ್ಪ್ರಿಂಗ್‌ಪ್ಲೇಸಿನ ದಿನಚರಿಗೂ ಬೇಕು. ನಕ್ಷೆಯ ವಿಷಯದಲ್ಲಿ ಮಾತ್ರ ಅಲ್ಲಿನ ಕಥೆ ಭೀಕರ. ಜಾರ್ಜಿಯಾ ರಾಜ್ಯ ಚೆರೋಕೀ ನೆಲವನ್ನು ಮೊದಲು ಅಳೆದು, 160 ಎಕರೆಯ ತುಂಡುಗಳನ್ನಾಗಿಯೂ ಚಿನ್ನ ಸಿಗುವ ಕಡೆ 40 ಎಕರೆಯ ತುಂಡುಗಳನ್ನಾಗಿಯೂ ಕತ್ತರಿಸಿ, 1832ರಲ್ಲಿ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. ಜನರಿನ್ನೂ ತಮ್ಮ ಮನೆಗಳಲ್ಲಿ ಇದ್ದರು. ಕಾಗದದ ಮೇಲೆ ಅವರ ಮನೆಗಳು ಆಗಲೇ ಬೇರೆಯವರವಾಗಿದ್ದವು. ನಕ್ಷೆ ಘಟನೆಯನ್ನು ದಾಖಲಿಸಲಿಲ್ಲ, ಘಟನೆಗೆ ದಾರಿ ಮಾಡಿತು.

ಎರಡು ಸಂಗತಿಗಳು ನಮಗೆ ಮುಖ್ಯ. ಮೊದಲನೆಯದು, ಚೆರೋಕೀ ಜನ ತಮ್ಮ ಕೈಯಿಂದಲೇ ಬರೆದರು. 1821ರ ಹೊತ್ತಿಗೆ ಸಿಕ್ವೋಯಾ ಎಂಬಾತ ಅವರ ಭಾಷೆಗೆ ಲಿಪಿ ರೂಪಿಸಿದ. 1828ರಲ್ಲಿ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಹೊರಟಿತು. 1835ರ ಡಿಸೆಂಬರಿನಲ್ಲಿ ಕೆಲವೇ ಜನ ಸಹಿ ಹಾಕಿದ ನ್ಯೂ ಎಕೋಟಾ ಒಪ್ಪಂದದ ವಿರುದ್ಧ 15,000ಕ್ಕೂ ಮಿಕ್ಕಿ ಹೆಸರುಗಳುಳ್ಳ ಮನವಿಯನ್ನು ಅವರು ಅಮೆರಿಕದ ಸಂಸತ್ತಿಗೆ ಸಲ್ಲಿಸಿದರು. ಆ ಮನವಿ ಸೋತಿತು, ಆದರೆ ದಾಖಲೆಯಾಗಿ ಉಳಿಯಿತು. ಎರಡನೆಯದು, ಮಿಷನರಿಗಳೆಲ್ಲ ಒಂದೇ ಕಡೆ ನಿಲ್ಲಲಿಲ್ಲ. ಸ್ಯಾಮ್ಯುಯೆಲ್ ವೂಸ್ಟರ್ ಎಂಬ ಮಿಷನರಿ ಜಾರ್ಜಿಯಾಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಲೊಪ್ಪದೆ 1831ರಲ್ಲಿ ಸೆರೆಮನೆ ಸೇರಿದ. ಅವನ ಮೊಕದ್ದಮೆಯಲ್ಲಿ 1832ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಚೆರೋಕೀ ಜನರ ಹಕ್ಕನ್ನು ಎತ್ತಿಹಿಡಿಯಿತು. ತೀರ್ಪು ಜಾರಿಗೆ ಬರಲಿಲ್ಲ. ಡ್ಯಾನಿಯಲ್ ಬಟ್ರಿಕ್ ಎಂಬ ಇನ್ನೊಬ್ಬ ಮಿಷನರಿ ಕಣ್ಣೀರಿನ ಹಾದಿಯಲ್ಲಿ ಜನರ ಜೊತೆಗೇ ಹೋಗಿ ದಿನಚರಿ ಬರೆದ. ಮಿಷನ್ ದಾಖಲೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಆ ದಿನಚರಿಯನ್ನೂ ತಳ್ಳಿಹಾಕಬೇಕಾಗುತ್ತದೆ.

ಈ ಚರಿತ್ರೆ ನಮ್ಮ ಧರ್ಮಸಭೆಯನ್ನೂ ಮುಟ್ಟುತ್ತದೆ. 1823ರಲ್ಲಿ ಅದೇ ನ್ಯಾಯಾಲಯ ಮೂಲನಿವಾಸಿಗಳ ಭೂಮಿಯ ಹಕ್ಕನ್ನು ಮೊಟಕುಗೊಳಿಸುವಾಗ ‘ಆವಿಷ್ಕಾರ ಸಿದ್ಧಾಂತ’ವನ್ನು ಬಳಸಿತು. ಆ ಸಿದ್ಧಾಂತ ಹದಿನೈದನೆಯ ಶತಮಾನದ ಪೋಪರ ಶಾಸನಗಳ ಆಸರೆಯಲ್ಲಿ ಬೆಳೆದದ್ದು. ಆ ಸಿದ್ಧಾಂತ ಕಥೋಲಿಕ ಬೋಧನೆಯ ಭಾಗವಲ್ಲವೆಂದು ವ್ಯಾಟಿಕನ್ನಿನ ಎರಡು ಇಲಾಖೆಗಳು ಜಂಟಿಯಾಗಿ ಘೋಷಿಸಿ ಅದನ್ನು ನಿರಾಕರಿಸಿದ್ದು 2023ರ ಮಾರ್ಚ್ 30ರಂದು. ಹಳೆಯ ಕಾಗದವೊಂದರ ಮೇಲಿನ ಗೆರೆ ಎಷ್ಟು ಶತಮಾನಗಳ ಕಾಲ ಜನರ ಬದುಕನ್ನು ಕತ್ತರಿಸಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೊರೇವಿಯನ್ ದಾಖಲೆಗಳನ್ನು ಇಂಗ್ಲಿಷಿಗೆ ತಂದು ಸಂಪುಟ ಸಂಪುಟವಾಗಿ ಪ್ರಕಟಿಸುವ ಕಾರ್ಯ 2010ರಿಂದ ನಡೆಯುತ್ತಿದೆ. ಅವನ್ನು ಹೊರತಂದದ್ದು ಚೆರೋಕೀ ಜನರದೇ ಪ್ರಕಾಶನ ಸಂಸ್ಥೆ. ತಮ್ಮನ್ನು ಕುರಿತು ಹೊರಗಿನವರು ಬರೆದುದನ್ನು ಅವರು ಸುಡಲಿಲ್ಲ, ಪೂಜಿಸಲೂ ಇಲ್ಲ. ಅದನ್ನು ತಮ್ಮದಾಗಿಸಿಕೊಂಡು ತಮ್ಮ ಮಕ್ಕಳ ಓದಿಗೆ ಇಟ್ಟರು.

5. ನಮ್ಮವರ ಧ್ವನಿ ಎಲ್ಲಿದೆ?

ನಮ್ಮಲ್ಲಿಯೂ ಸ್ಥಳೀಯರ ಧ್ವನಿ ಪೂರ್ತಿ ಅಡಗಿಲ್ಲ. ಮಂಗಳೂರಿನ ಸಾರಸ್ವತ ಕುಟುಂಬದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಅಭಿಷಿಕ್ತರಾಗಿ ಹಿಂದಿರುಗಿದರು. ಮುಂದೆ ಕೊಡಗಿನಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಆನಂದಪುರ ಎಂಬ ನೆಲೆ ಕಟ್ಟಿದರು. ಅವರು ಜರ್ಮನ್ನಿನಲ್ಲಿ ಸಮಿತಿಗೆ ಬರೆದ ಪತ್ರಗಳು ಉಳಿದಿವೆ. ಅವು ಕೂಡ ವರದಿ ಪ್ರಕಾರಕ್ಕೆ ಸೇರಿದವೇ. ಆದರೆ ಅಲ್ಲಿ ಬರೆಯುವವನು ಏಕಕಾಲಕ್ಕೆ ವರದಿಗಾರನೂ ಹೌದು, ವರದಿಯ ವಸ್ತುವೂ ಹೌದು. ಅವರ ಪತ್ರವನ್ನು ಮೋಗ್ಲಿಂಗರ ಪತ್ರದ ಪಕ್ಕದಲ್ಲಿಟ್ಟು ಓದುವುದು ಒಳ್ಳೆಯ ಅಭ್ಯಾಸ.

ಅದೇ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದರು. ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದಿತು. ಕನ್ನಡದ ಮಾತನ್ನು ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡ ಮಿಷನ್ನೇ ಸಭೆಯ ವರದಿಯಲ್ಲಿ ಉಪದೇಶಿಗಳನ್ನು ಬರೀ ಮೊದಲ ಹೆಸರಿನಿಂದಲೋ ಸಂಖ್ಯೆಯಿಂದಲೋ ಸೂಚಿಸಿ ಮುಂದೆ ಹೋಗುವುದುಂಟು. ಅವರ ಹೆಂಡಂದಿರು, ಬೈಬಲ್ ಓದಿ ಹೇಳುತ್ತಿದ್ದ ಸ್ತ್ರೀಯರು, ಮಗ್ಗದ ಮುಂದೆ ಕುಳಿತವರು ಇನ್ನೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ.

ಮೌನವೂ ಒಂದು ದಾಖಲೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ವರದಿಗಾರನೇ ಇಲ್ಲವಾದಾಗ ವರದಿಯೂ ಕುಗ್ಗುತ್ತದೆ. ಬಾಸೆಲ್ಲಿನ ಕಾಗದಗಳನ್ನಷ್ಟೇ ನಂಬಿದವನಿಗೆ ಆ ವರ್ಷಗಳಲ್ಲಿ ಸಭೆಯೇ ನಿದ್ರಿಸಿದಂತೆ ಕಂಡೀತು. ವಾಸ್ತವವಾಗಿ ಆರಾಧನೆ ನಡೆಸಿದವರು, ಶಾಲೆಯ ಬಾಗಿಲು ತೆರೆದಿಟ್ಟವರು, ಸತ್ತವರನ್ನು ಮಣ್ಣು ಮಾಡಿದವರು ಇಲ್ಲಿಯ ಉಪದೇಶಿಗಳು ಮತ್ತು ಹಿರಿಯರೇ ಆಗಿರಬೇಕು. ದಾಖಲಾಗಾರದ ಅತ್ಯಂತ ತೆಳುವಾದ ಪುಟಗಳೇ ಸ್ಥಳೀಯ ಸಭೆಯ ಅತ್ಯಂತ ಗಟ್ಟಿಯಾದ ಕಾಲದವು ಆಗಿರಬಹುದು.

6. ಎರಡು ಆಕ್ಷೇಪಗಳು, ಒಂದು ಹೊಣೆ

ಈ ಬಗೆಯ ಓದು ನಮ್ಮ ಹಿರಿಯರ ತ್ಯಾಗಕ್ಕೆ ಕೃತಘ್ನತೆ ತೋರಿಸಿದಂತಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲ. ಪೇತ್ರನ ನಿರಾಕರಣೆಯನ್ನು ನಾಲ್ಕು ಶುಭಸಂದೇಶಗಳೂ ಬರೆದಿಟ್ಟವು. ಅದರಿಂದ ಪೇತ್ರನ ಮೇಲಿನ ಗೌರವ ಕುಂದಲಿಲ್ಲ. ಪರದೇಶಕ್ಕೆ ಬಂದು ಇಲ್ಲಿಯೇ ಹೆಂಡತಿ ಮಕ್ಕಳನ್ನು ಮಣ್ಣಿಗಿಟ್ಟವರ ತ್ಯಾಗ ನಮ್ಮ ವಿಮರ್ಶೆಗೆ ಹೆದರಿ ಓಡುವಷ್ಟು ದುರ್ಬಲವಲ್ಲ. ಇನ್ನು ಕೆಲವರು, ಕ್ರೈಸ್ತರನ್ನು ಅನುಮಾನದಿಂದ ನೋಡುವ ಇಂದಿನ ವಾತಾವರಣದಲ್ಲಿ ನಮ್ಮ ದಾಖಲೆಗಳ ಕುಂದನ್ನು ನಾವೇ ಎತ್ತಿ ತೋರಿಸುವುದು ಅವಿವೇಕವೆನ್ನಬಹುದು. ಈ ಆಕ್ಷೇಪ ಹೆಚ್ಚು ಗಂಭೀರವಾದುದು. ಆದರೆ ದಾಖಲೆಗಳು ಈಗ ಎಲ್ಲರ ಮುಂದಿವೆ. ಮಿಷನ್ ವರದಿಯ ಒಂದು ವಾಕ್ಯವನ್ನು ಕಿತ್ತು ನಮ್ಮ ಮೇಲೆ ಬೀಸುವವನಿಗೆ, ಆ ವಾಕ್ಯ ಯಾವ ಪ್ರಕಾರದ್ದು, ಯಾರಿಗಾಗಿ ಬರೆದದ್ದು, ಅದರ ಪಕ್ಕದಲ್ಲಿ ಇನ್ನೇನಿದೆ ಎಂದು ಶಾಂತವಾಗಿ ಹೇಳಬಲ್ಲ ಯಾಜಕರು ಬೇಕು. ಪ್ರಾಮಾಣಿಕ ವಿಮರ್ಶೆಗಿಂತ ಬೇರೆ ರಕ್ಷಣೆ ನಮಗಿಲ್ಲ. ಸತ್ಯವೇ ನಮ್ಮನ್ನು ಬಿಡುಗಡೆ ಮಾಡುವುದೆಂದು ನಂಬಿದವರಿಗೆ ಬೇಕಾಗಿಯೂ ಇಲ್ಲ.

ಕೊನೆಯದಾಗಿ, ಪ್ರಶ್ನೆ ನಮ್ಮ ಮನೆಯೊಳಗೇ ಬರುತ್ತದೆ. ಬಾಸೆಲ್ಲಿನವರ ಕಾಗದಗಳನ್ನು ವಿಮರ್ಶಿಸಲು ನಮಗೆ ಸಾಧ್ಯವಾಗಿರುವುದು ಅವರು ಅವನ್ನು ಕಾಪಾಡಿದ್ದರಿಂದ. ನಮ್ಮ ಧರ್ಮಕೇಂದ್ರಗಳ ಕಾಗದಗಳನ್ನು ಇನ್ನೊಬ್ಬರು ವಿಮರ್ಶಿಸಬೇಕಾದರೆ ಅವು ಗೆದ್ದಲಿನಿಂದಲೂ ಮಳೆಗಾಲದಿಂದಲೂ ವರ್ಗಾವಣೆಯ ಗಡಿಬಿಡಿಯಿಂದಲೂ ಉಳಿದಿರಬೇಕಷ್ಟೆ. ಕಾನೂನು ಸಂಹಿತೆಯ 535ನೆಯ ಧಾರೆ ಪ್ರತಿ ಧರ್ಮಕೇಂದ್ರವೂ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಇಡಬೇಕೆಂದೂ ಹಳೆಯವನ್ನು ಜತನದಿಂದ ಕಾಯಬೇಕೆಂದೂ ವಿಧಿಸುತ್ತದೆ. 491ನೆಯ ಧಾರೆ ಧರ್ಮಾಧ್ಯಕ್ಷರಿಗೆ ಆ ಹೊಣೆಯನ್ನು ಒಪ್ಪಿಸುತ್ತದೆ. ಧರ್ಮಸಭೆಯ ಸಾಂಸ್ಕೃತಿಕ ಸಂಪತ್ತಿಗಾಗಿ ಇದ್ದ ಪರಮಾಧಿಕಾರದ ಆಯೋಗ 1997ರ ಫೆಬ್ರವರಿ 2ರಂದು ಹೊರಡಿಸಿದ ಸುತ್ತೋಲೆ ದಾಖಲಾಗಾರಗಳಿಗೆ ಪಾಲನಾ ಕಾರ್ಯವಿದೆಯೆಂದೇ ಬೋಧಿಸಿತು. ಪ್ರಭು ಈ ಲೋಕದಲ್ಲಿ ಹಾದುಹೋದ ಹೆಜ್ಜೆಗುರುತುಗಳು ಅಲ್ಲಿವೆಯೆಂಬ ಪೋಪ್ ಆರನೆಯ ಪೌಲರ ಚಿಂತನೆ ಅದರ ಹಿಂದಿದೆ.

ಆದ್ದರಿಂದ ನಮ್ಮ ಗುರುವಿದ್ಯಾರ್ಥಿಗಳಿಗೆ ಮೂರು ಕೆಲಸಗಳನ್ನು ಸೂಚಿಸಬಹುದು. ಒಂದು, ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಧರ್ಮಕೇಂದ್ರದ ಅತ್ಯಂತ ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು, ಗುರುಗಳ ಅನುಮತಿ ಪಡೆದು, ಒಂದು ಸಾಲನ್ನೂ ಬಿಡದೆ ಓದುವುದು. ಸಂತರ ಹೆಸರಿನ ಹಿಂದೆ ಮನೆಯವರು ಕರೆಯುತ್ತಿದ್ದ ಹೆಸರು ಎಲ್ಲಿಯಾದರೂ ಉಳಿದಿದೆಯೇ, ತಾಯಿಯ ತವರಿನ ಉಲ್ಲೇಖವಿದೆಯೇ, ಬರದ ವರ್ಷಗಳಲ್ಲಿ ತಂದೆತಾಯಿಯರ ಹೆಸರಿಲ್ಲದ ಮಕ್ಕಳು ಎಷ್ಟು ಎಂದು ನೋಡುವುದು. ಎರಡು, ಊರಿನ ಹಿರಿಯರಿಂದ ಊರಿನ ನಕ್ಷೆ ಬರೆಸುವುದು: ಮೊದಲ ಪ್ರಾರ್ಥನೆ ಯಾರ ಮನೆಯಲ್ಲಿ ನಡೆಯಿತು, ಹಳೆಯ ಸ್ಮಶಾನ ಎಲ್ಲಿತ್ತು, ಯಾವ ಬಾವಿಯಿಂದ ಯಾರು ನೀರು ತರಬಹುದಿತ್ತು, ಯಾರು ತರಬಾರದಿತ್ತು. ಮೂರು, ಬಾಸೆಲ್ಲಿನ ಒಂದು ಪತ್ರವನ್ನಾದರೂ ಮೂಲದಿಂದ ಕನ್ನಡಕ್ಕೆ ತರಲು ಜರ್ಮನ್ ಬಲ್ಲವರೊಂದಿಗೆ, ಸಿಎಸ್‌ಐ ಸಭೆಯ ಸಹೋದರರೊಂದಿಗೆ ಕೂಡಿ ಕುಳಿತುಕೊಳ್ಳುವುದು. ಕ್ರೈಸ್ತ ಐಕ್ಯವನ್ನು ಕುರಿತು ಪ್ರತಿ ಜನವರಿಯಲ್ಲಿ ನಾವು ಮಾಡುವ ಪ್ರಾರ್ಥನೆಗೆ ಇದರಿಂದ ಕೈಕಾಲು ಬಂದಾವು.

ನಾವು ಇಂದು ಬರೆಯುವ ದಾಖಲೆಗಳನ್ನೂ ನಾಳೆ ಯಾರೋ ಓದುತ್ತಾರೆ. ಧರ್ಮಾಧ್ಯಕ್ಷರ ಕಚೇರಿಗೆ ನಾವು ತುಂಬಿ ಕಳುಹಿಸುವ ವಾರ್ಷಿಕ ನಮೂನೆಯಲ್ಲಿ ಕುಟುಂಬಗಳ ಸಂಖ್ಯೆಗೆ ಅಂಕಣವಿದೆ. ಮಳೆ ಬಾರದ ವರ್ಷ ದುಡಿಯಲು ಗೋವೆಗೋ ಬೆಂಗಳೂರಿಗೋ ಹೋದ ಕುಟುಂಬದ ಬಾಗಿಲಿಗೆ ಬಿದ್ದ ಬೀಗಕ್ಕೆ ಅಂಕಣವಿಲ್ಲ. ನಮೂನೆಯ ಅಂಚಿನಲ್ಲಿ ಅದನ್ನೂ ಒಂದು ಸಾಲು ಬರೆದಿಡುವ ಯಾಜಕನು, ನೂರು ವರ್ಷದ ನಂತರದ ವಿಮರ್ಶಕನಿಗೆ ಮಾತ್ರವಲ್ಲ, ಇಂದಿನ ತನ್ನ ಕುರಿಮಂದೆಗೂ ಒಳ್ಳೆಯ ಕುರುಬನಾಗಿರುತ್ತಾನೆ.